ಗುಡ್ಡಪ್ಪನ ಹೊಗೆ ಚೀಟಿಗಳು

ಬ್ಯಾಡಗಿಯಲ್ಲಿ ಕೆಮ್ಮಿದರೆ ಯಾರೂ ತಿರುಗಿ ನೋಡುವುದಿಲ್ಲ.

ಬೇರೆ ಊರಿನಲ್ಲಿ ಎರಡು ಸಲ ಕೆಮ್ಮಿ ನೋಡಿ. ಒಬ್ಬರು ನೀರು ಕೊಡುತ್ತಾರೆ, ಇನ್ನೊಬ್ಬರು ಬೆನ್ನು ಸವರುತ್ತಾರೆ, ಮೂರನೆಯವರು ಕಷಾಯ ಮಾಡುವುದು ಹೇಗೆಂದು ಹೇಳಿಕೊಡುತ್ತಾರೆ. ಇಲ್ಲಿ ಹಾಗಿಲ್ಲ. ಡಿಸೆಂಬರ್ ಮುಗಿಯುತ್ತಿದ್ದಂತೆ ಮಾರ್ಕೆಟ್ ತುಂಬ ಮೆಣಸಿನಕಾಯಿ ಚೀಲ, ಊರ ತುಂಬ ಘಾಟು. ಬಸ್ಸಿನಿಂದ ಇಳಿಯುವ ಹೊಸಬರು ಸೀನುತ್ತಾರೆ, ಹಳಬರು ಕೆಮ್ಮುತ್ತಾರೆ. ಯಾಕೆ ಎಂದು ಕೇಳಿದರೆ ಒಂದೇ ಉತ್ತರ: ‘ಘಾಟು.’ ಕೇಳಿದವರಿಗೂ ಸಮಾಧಾನ, ಹೇಳಿದವರಿಗೂ ಸಮಾಧಾನ.

ಹೋದ ಮಂಗಳವಾರ ಮಧ್ಯಾಹ್ನ ನಮ್ಮ ಶಾಲೆಯ ಸ್ಟಾಫ್ ರೂಮಿನ ಬಾಗಿಲಲ್ಲಿ ಶಾಂತವ್ವ ನಿಂತಿದ್ದಳು. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ. ಒಳಗೆ ಬಾರವ್ವಾ ಎಂದರೆ ಬರಲೊಲ್ಲಳು. ಚಪ್ಪಲಿ ಹೊರಗೆ ಬಿಟ್ಟು, ಸೆರಗು ಸರಿ ಮಾಡಿಕೊಂಡು, ಆಮೇಲೆ ಬಂದು ಕುರ್ಚಿಯ ತುದಿಯಲ್ಲಿ ಕುಳಿತಳು. ಚೀಲದಿಂದ ಕಾಗದಗಳನ್ನು ಒಂದೊಂದಾಗಿ ತೆಗೆದು ನನ್ನ ಮೇಜಿನ ಮೇಲಿಟ್ಟಳು. ಎಲ್ಲವೂ ಅವಳ ಗಂಡ ಗುಡ್ಡಪ್ಪನ ಆಟೋಗೆ ಸಂಬಂಧಿಸಿದವು.

ಗುಡ್ಡಪ್ಪ ಯಾರೆಂದು ಈ ಅಂಕಣದ ಹಳೆಯ ಓದುಗರಿಗೆ ಗೊತ್ತು. ನಾನು ಇರುವುದು ರಾಣೆಬೆನ್ನೂರಿನಲ್ಲಿ, ವಿಜ್ಞಾನ ಪಾಠ ಹೇಳುವುದು ಬ್ಯಾಡಗಿಯಲ್ಲಿ. ದಿನಾ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಗುಡ್ಡಪ್ಪನ ಆಟೋ. ಒಂಬತ್ತು ವರ್ಷ ಅವನ ಆಟೋದಲ್ಲೇ ಶಾಲೆಗೆ ಹೋಗಿದ್ದೇನೆ. ಬಸ್ ತಡವಾದರೆ ಅವನೂ ಕಾಯುತ್ತಿದ್ದ. ನನಗೆ ಸಿಟ್ಟು ಬಂದಿದ್ದರೆ ಮಾತಾಡುತ್ತಿರಲಿಲ್ಲ. (ಸಿಟ್ಟು ಬಂದಿದೆ ಎಂದು ಅವನಿಗೆ ಹೇಗೆ ಗೊತ್ತಾಗುತ್ತಿತ್ತೋ! ನಮ್ಮ ಮನೆಯವರಿಗೆ ಇಪ್ಪತ್ತು ವರ್ಷವಾದರೂ ಗೊತ್ತಾಗಿಲ್ಲ.)

ಅವನ ಆಟೋದ ಬಗ್ಗೆ ಎರಡು ಸಲ ಬರೆದಿದ್ದೇನೆ. ಮೊದಲನೆಯದು ಬೈದು, ಎರಡನೆಯದು ಹೊಗಳಿ. ಇವತ್ತಿನದು ಮೂರನೆಯದು. ಇದನ್ನು ಬರೆಯಬೇಕಾಗಿ ಬರಬಾರದಿತ್ತು.

ಬೈದದ್ದು ಯಾಕೆಂದರೆ ಆ ಗಾಡಿ ಉಗುಳುತ್ತಿದ್ದ ಹೊಗೆ ಅಷ್ಟಿಷ್ಟಲ್ಲ. ಹಳೆಯ ಆಟೋ. ಸಾಲದ್ದಕ್ಕೆ ಪೆಟ್ರೋಲಿಗೆ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ, ಬೆರೆಸಿ ಓಡಿಸುತ್ತಿದ್ದ. ಹಿಂದೆ ಸೈಕಲ್‌ನಲ್ಲಿ ಬರುತ್ತಿದ್ದ ನಮ್ಮ ಶಾಲೆಯ ಮಕ್ಕಳು ಮೂಗು ಮುಚ್ಚಿಕೊಂಡು ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿಯುವುದನ್ನು ನಾನೇ ನೋಡಿದ್ದೇನೆ. ತರಗತಿಯಲ್ಲಿ ವಾಯುಮಾಲಿನ್ಯದ ಪಾಠ ಮಾಡುವ ಮೇಡಂ ಊರಿನ ಅತಿ ಹೊಗೆಯ ಆಟೋದಿಂದ ಇಳಿಯುವುದು ಎಂಥ ಚೆಂದ? ಹಾಗಂತ ಬೇರೆ ಆಟೋ ಹತ್ತಲು ಮನಸ್ಸು ಬರುತ್ತಿರಲಿಲ್ಲ.

ಅಷ್ಟರಲ್ಲಿ ಪತ್ರಿಕೆಯಲ್ಲಿ ಸುದ್ದಿ ನೋಡಿದೆ. ಹಳೆಯ ಆಟೋಗಳಿಗೆ ಗ್ಯಾಸ್ ಕಿಟ್ ಹಾಕಿಸಿಕೊಂಡರೆ ಸರ್ಕಾರದಿಂದ ಅನುದಾನ. ಅರ್ಜಿ ಹಾಕಬೇಕು, ಹೊಗೆ ತಪಾಸಣೆಯ ಚೀಟಿ ಇಡಬೇಕು, ಅನುಮೋದನೆ ಬಂದ ಮೇಲೆ ಕಿಟ್ ಹಾಕಿಸಬೇಕು. ಮರುದಿನವೇ ಪತ್ರಿಕೆ ಹಿಡಿದುಕೊಂಡು ಆಟೋ ಹತ್ತಿದೆ. ಗುಡ್ಡಪ್ಪ ಎಲ್ಲ ಕೇಳಿಸಿಕೊಂಡ. ಕೇಳಿಸಿಕೊಂಡು, ಸರ್ಕಾರ ನಮ್ಮಂಥವರ ಗಾಡಿಗೆ ಯಾಕೆ ರೊಕ್ಕ ಕೊಡುತ್ತದೆ, ಇದರಲ್ಲೇನೋ ಮಸಲತ್ತಿದೆ ಎಂದ. ಗ್ಯಾಸ್ ತುಂಬಿಸಲು ರಾಣೆಬೆನ್ನೂರಿಗೆ ಹೋಗಬೇಕು, ಹೋಗಿ ಬರುವುದರಲ್ಲೇ ಅರ್ಧ ಗ್ಯಾಸ್ ಖಾಲಿ ಎಂದ. ಸಿಲಿಂಡರ್ ಮೇಲೆ ಕುಳಿತು ಗಾಡಿ ಹೊಡೆಯಲು ಶಾಂತವ್ವ ಬಿಡುವುದಿಲ್ಲ ಎಂದ. ಒಂದು ವಾರ ನಾನು ಹೇಳುವುದು, ಅವನು ತಪ್ಪಿಸಿಕೊಳ್ಳುವುದು.

ಅವನಿಗೆ ಆಗಲೇ ಕೆಮ್ಮಿತ್ತು. ಮಳೆಗಾಲ. ಮಾರ್ಕೆಟ್ ಖಾಲಿ. ಹನಿ ಬೀಳುತ್ತಿದ್ದ ಒಂದು ಬೆಳಿಗ್ಗೆ ಆಟೋ ನಿಲ್ಲಿಸಿ, ಹ್ಯಾಂಡಲ್ ಮೇಲೆ ತಲೆಯಿಟ್ಟು ಕೆಮ್ಮಿದ. ತಿರುಗಿ, ಘಾಟ್ರಿ ಅಕ್ಕೋರ ಎಂದ. (ನಮ್ಮ ಕಡೆ ಟೀಚರಿಗೆ ಅಕ್ಕೋರು ಎನ್ನುತ್ತಾರೆ. ಆ ಮಾತಿನಲ್ಲಿರುವ ನಂಬಿಕೆ ಎಷ್ಟು ಭಾರವೆಂದು ನನಗೆ ಈಗ ಗೊತ್ತಾಗಿದೆ.) ಮಳೆಗಾಲದಲ್ಲಿ ಎಲ್ಲಿಯ ಘಾಟು ಗುಡ್ಡಪ್ಪ ಎಂದು ಕೇಳಿದೆ. ಕೋಲ್ಡ್ ಸ್ಟೋರೇಜಿನ ಬಾಗಿಲು ತೆಗೆದಿದ್ದರು, ಚೀಲ ಹೊರಗೆ ಬಂದಿದ್ದವು ಎಂದ.

ನಾನು ಬಿಟ್ಟೇನೆ? ಸಿಕ್ಕಿತಲ್ಲ ದಾರಿ ಎಂದು ಅವನ ಕೆಮ್ಮನ್ನೇ ಹಿಡಿದುಕೊಂಡೆ.

‘ನಿನ್ನ ಕೆಮ್ಮಿಗೆ ಘಾಟಲ್ಲ, ಈ ಹೊಗಿ ಕಾರಣ. ಗ್ಯಾಸ್ ಹಾಕ್ಸು. ಕೆಮ್ಮ ತಾನ ಹೋಗತೈತಿ.’

ಗುಡ್ಡಪ್ಪ ಕನ್ನಡಿಯಲ್ಲಿ ನನ್ನ ಮುಖ ನೋಡಿದ.

‘ಖರೇನ್ರಿ ಅಕ್ಕೋರ?’

‘ಖರೇ.’

ಅಷ್ಟೇ. ಅಲ್ಲಿಂದ ಅವನು ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಮಾರನೆಯ ದಿನ ಆರ್‌ಸಿ ಬುಕ್ಕು, ಲೈಸೆನ್ಸು, ರೇಷನ್ ಕಾರ್ಡು ಎಲ್ಲ ತಂದ. ಇದೇ ಸ್ಟಾಫ್ ರೂಮಿನಲ್ಲಿ, ಇದೇ ಮೇಜಿನ ಮೇಲೆ ಅರ್ಜಿ ತುಂಬಿದೆ. ವಾಹನದ ವಯಸ್ಸೆಷ್ಟು, ಎಂಜಿನ್ ನಂಬರೇನು, ಚಾಸಿ ನಂಬರೇನು, ಈಗ ಎಷ್ಟು ಹೊಗೆ ಬಿಡುತ್ತಿದೆ. ಫೋಟೊ ಬೇಕಿತ್ತು. ಸ್ಟುಡಿಯೋದಲ್ಲಿ ಕ್ಲಿಕ್ ಎನ್ನುವ ಹೊತ್ತಿಗೆ ಸರಿಯಾಗಿ ಕೆಮ್ಮು ಬಂದು ಎರಡು ಫೋಟೊ ಕೆಟ್ಟವಂತೆ. ಮೂರನೆಯದಕ್ಕೆ ಉಸಿರು ಬಿಗಿ ಹಿಡಿದು ಕುಳಿತನಂತೆ. ಅದಕ್ಕೇ ಆ ಫೋಟೊದಲ್ಲಿ ಕಣ್ಣು ಅಷ್ಟು ದೊಡ್ಡವಾಗಿವೆ. ಅರ್ಜಿಗೆ ಅಂಟಿಸುವಾಗ ನೋಡಿ ನಾವಿಬ್ಬರೂ ನಕ್ಕಿದ್ದೆವು.

ಇನ್ನು ಮುಂದಿನ ಕತೆ ನಿಮಗೇ ಗೊತ್ತು ಅನ್ನುತ್ತೀರಿ. ಕಚೇರಿ ಅಲೆದ, ಲಂಚ ಕೇಳಿದರು, ಫೈಲು ಕಳೆಯಿತು, ಅನುದಾನ ಬರಲೇ ಇಲ್ಲ. ಅಲ್ಲವೇ?

ಬಂತು! ಯಾರೂ ಏನೂ ಕೇಳಲಿಲ್ಲ. ಹಾವೇರಿಗೆ ಮೂರು ಸಲ ಹೋಗಬೇಕಾಯಿತು, ನಿಜ. ಜೆರಾಕ್ಸ್ ಒಂದು ಕಡಿಮೆ ಬಿತ್ತು, ಒಂದು ಸಹಿ ತಪ್ಪಿತ್ತು. ಮಳೆಗಾಲದಲ್ಲಿ ಹಾಕಿದ ಅರ್ಜಿಗೆ ಫೆಬ್ರುವರಿಯಲ್ಲಿ ಅನುಮೋದನೆ ಬಂತು. ಸರ್ಕಾರದ ಕೆಲಸಕ್ಕೆ ಇದು ತಡವೇನಲ್ಲ ಎಂದು ನಾನೇ ಇಲ್ಲಿ ಬರೆದಿದ್ದೆ. ಸರ್ಕಾರದ ಮೇಲೆ ಇವತ್ತೂ ನನಗೆ ಸಿಟ್ಟಿಲ್ಲ. ಸಿಟ್ಟು ಮಾಡಲು ಅಲ್ಲಿ ಯಾರಾದರೂ ಸಿಕ್ಕಿದ್ದರೆ ನನ್ನ ಎದೆ ಸ್ವಲ್ಪ ಹಗುರಾಗುತ್ತಿತ್ತು.

ಆ ಆರು ತಿಂಗಳು ಗುಡ್ಡಪ್ಪ ಕೆಮ್ಮುತ್ತಲೇ ಇದ್ದ. ಯಾರಾದರೂ ಡಾಕ್ಟರಿಗೆ ತೋರಿಸು ಎಂದರೆ, ಗ್ಯಾಸ್ ಬರಾಕತ್ತೇತಿ, ಆಮ್ಯಾಲ ಕೆಮ್ಮ ಹೋಗತೈತಿ ಎನ್ನುತ್ತಿದ್ದನಂತೆ. ಅಕ್ಕೋರು ಹೇಳಿದ್ದಾರೆ ಎನ್ನುತ್ತಿದ್ದನಂತೆ. ಇದು ನನಗೆ ಆಗ ಗೊತ್ತಿರಲಿಲ್ಲ. ಮೊನ್ನೆ ಶಾಂತವ್ವ ಹೇಳಿದಳು. ನನ್ನನ್ನು ಆಡಿಕೊಳ್ಳಲು ಹೇಳಿದ್ದಲ್ಲ, ಅವನಿಗೆ ನನ್ನ ಮೇಲೆ ಎಷ್ಟು ನಂಬಿಕೆ ಇತ್ತು ಎಂದು ಹೇಳಲು.

ಕಿಟ್ ಹಾಕಿಸಿದ ದಿನ ರಾಣೆಬೆನ್ನೂರಿನಲ್ಲಿ ನಮ್ಮ ಮನೆಗೆ ಬಂದಿದ್ದ. ಟ್ಯಾಂಕ್ ತುಂಬ ಗ್ಯಾಸ್, ಹ್ಯಾಂಡಲಿಗೆ ಮಾಲೆ. ಕದರಮಂಡಲಗಿ ಆಂಜನೇಯನಿಗೆ ಕಾಯಿ ಒಡೆಸಿಕೊಂಡೇ ಬಾಡಿಗೆ ಶುರು ಮಾಡುತ್ತೇನೆ ಎಂದ. ಗಾಡಿ ಚಾಲೂ ಮಾಡಿ, ಹಿಂದೆ ಬಂದು ನಿಲ್ಲಿರಿ, ನೋಡಿರಿ ಎಂದ. ಹೋಗಿ ನಿಂತೆ. ಹೊಗೆ ಕಾಣುವಷ್ಟಿರಲಿಲ್ಲ. ನನಗೆ ನಿಜಕ್ಕೂ ಹೆಮ್ಮೆಯಾಯಿತು.

‘ಗಾಡಿ ಕೆಮ್ಮೂದು ಬಿಡ್ತ ನೋಡ್ರಿ ಅಕ್ಕೋರ. ಇನ್ನ ನಾ ಒಬ್ಬಾವ ಉಳದೇನಿ’ ಎಂದು ನಕ್ಕ. ನಗುವ ಭರದಲ್ಲಿ ಕೆಮ್ಮು ಬಂತು. ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ಕೆಮ್ಮಿದ.

ನಮ್ಮ ಓಣಿಯಲ್ಲಿ ಮೆಣಸಿನಕಾಯಿ ಎಲ್ಲಿಂದ ಬರಬೇಕು? ಒಂದು ಕ್ಷಣ ಹಾಗನ್ನಿಸಿತು. ಅಂಗಿಯಲ್ಲಿ ಕೂತಿರುವ ಘಾಟಿರಬೇಕು ಎಂದುಕೊಂಡು ಚಹಾ ತರಲು ಒಳಗೆ ಹೋದೆ. ಆ ವಾರವೇ ಹೊಗಳಿ ಬರೆದೆ. ನಿಮ್ಮಲ್ಲಿ ಹಲವರು ಕಾಗದ ಬರೆದು ಅರ್ಜಿ ಹಾಕುವುದು ಹೇಗೆಂದು ಕೇಳಿದಿರಿ. ಉತ್ತರಿಸಿ ಉತ್ತರಿಸಿ ಬೀಗಿದ್ದೇ ಬೀಗಿದ್ದು.

ಆಮೇಲೆ ಆಗಾಗ ಕೇಳುತ್ತಿದ್ದೆ. ಕೆಮ್ಮು ಹೇಗಿದೆ ಗುಡ್ಡಪ್ಪ? ಕಡಿಮೆ ಆಗಿದೆ ಎನ್ನುತ್ತಿದ್ದ. ಹೊಗಿ ಹೋತಲ್ರಿ, ಬಾಳ ಆರಾಮ ಆತು ಎನ್ನುತ್ತಿದ್ದ. ನಾನು ಆಟೋದಲ್ಲಿರುವಷ್ಟು ಹೊತ್ತು ಅವನು ಕೆಮ್ಮುತ್ತಲೂ ಇರಲಿಲ್ಲ. ಶಾಲೆಯ ಗೇಟಿನಲ್ಲಿ ನನ್ನನ್ನು ಇಳಿಸಿ, ತಿರುವು ದಾಟಿ, ಅಲ್ಲಿ ಗಾಡಿ ನಿಲ್ಲಿಸಿ ಕೆಮ್ಮುತ್ತಿದ್ದನಂತೆ. ಮೂಲೆಯ ಪಾನ್ ಅಂಗಡಿಯವರು ಹೇಳಿದ್ದು, ಎಲ್ಲ ಮುಗಿದ ಮೇಲೆ. ಫೋಟೊಗೆ ಉಸಿರು ಹಿಡಿದ ಹಾಗೆ ನನಗಾಗಿ ಉಸಿರು ಹಿಡಿಯುತ್ತಿದ್ದ. ಅಕ್ಕೋರು ಹೇಳಿದ್ದು ಸುಳ್ಳಾಗಬಾರದಲ್ಲ!

ಗುತ್ತಲದಲ್ಲಿ ಶಾಂತವ್ವನ ತವರು. ಅಲ್ಲಿಗೆ ಹೋದಾಗಲೂ ಕೆಮ್ಮಿದ್ದಾನೆ. ಬ್ಯಾಡಗಿಯ ಘಾಟು ಮೈಯೊಳಗೆ ಹೊಕ್ಕಿದೆ, ನಾಲ್ಕು ದಿನ ಇಲ್ಲೇ ಇರಲಿ ಎಂದು ಅತ್ತೆ ಹೇಳಿದ್ದಾರೆ. ಅಂಗಿ ಸಡಿಲಾಗಿದೆ. ಗ್ಯಾಸ್ ತುಂಬಿಸಲು ಓಡಾಡಿ ಸೊರಗಿದ್ದಾನೆ ಅಂದುಕೊಂಡಿದ್ದಾರೆ. ಒಂದೊಂದಕ್ಕೂ ಒಂದೊಂದು ಕಾರಣ ನಮ್ಮ ಹತ್ತಿರ ರೆಡಿ ಇತ್ತು.

ಕಳೆದ ಆಷಾಢದಲ್ಲಿ ಎರಡು ದಿನ ಆಟೋ ಬರಲಿಲ್ಲ. ಮೂರನೆಯ ದಿನ ನಾನೇ ಅವರ ಮನೆ ಹುಡುಕಿಕೊಂಡು ಹೋದೆ. ಗೋಡೆಗೆ ಒರಗಿ ಕುಳಿತಿದ್ದ. ಮಲಗಿದರೆ ಉಸಿರು ಹತ್ತುವುದಿಲ್ಲ ಎಂದ. ಬೇರೆ ಆಟೋ ಮಾಡಿಕೊಂಡು ಬಸ್ ಸ್ಟ್ಯಾಂಡಿಗೆ ಬಂದು, ನಾನೂ ಶಾಂತವ್ವನೂ ಅವನನ್ನು ಬಸ್ಸಿನಲ್ಲಿ ಹಾವೇರಿಯ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ಮೋಟೆಬೆನ್ನೂರು ದಾಟುವಾಗ, ಇವತ್ತು ನಿಮ್ಮ ಶಾಲೆ ತಪ್ಪಿತಲ್ರಿ ಎಂದು ಪೇಚಾಡಿದ.

ಡಾಕ್ಟರು ಕೇಳಿದ ಮೊದಲ ಪ್ರಶ್ನೆ: ‘ಕೆಮ್ಮ ಸುರುವಾಗಿ ಎಷ್ಟ ದಿನ ಆತು?’

ಅಷ್ಟು ಸರಳ ಪ್ರಶ್ನೆಗೆ ನಮ್ಮ ಮೂವರಲ್ಲೂ ಉತ್ತರವೇ ಇರಲಿಲ್ಲ. ಗುಡ್ಡಪ್ಪ ಯೋಚಿಸಿ, ಗ್ಯಾಸ್ ಹಾಕಿಸುವುದಕ್ಕಿಂತ ಮೊದಲಿನಿಂದ ಇದೆ ಎಂದ. ಯಾವ ಗ್ಯಾಸು ಎಂದು ಡಾಕ್ಟರು ಗಾಬರಿಯಾಗಿ ನನ್ನ ಕಡೆ ನೋಡಿದರು. ನಾನು ವಿವರಿಸಿದೆ. ಅನುದಾನದ ಅರ್ಜಿಯ ತಿಂಗಳು ಹೇಳಿ, ಅಲ್ಲಿಂದ ಲೆಕ್ಕ ಹಾಕಿದೆ. ಎರಡು ವರ್ಷ! ಅವರು ಪೆನ್ನು ಕೆಳಗಿಟ್ಟರು.

ಕ್ಷಯ. ಎರಡೂ ಕಡೆ ಶ್ವಾಸಕೋಶ ತಿಂದುಬಿಟ್ಟಿತ್ತು. ಕಫದಲ್ಲಿ ರಕ್ತ ಬರುತ್ತಿತ್ತೇ ಎಂದು ಕೇಳಿದಾಗ ಗುಡ್ಡಪ್ಪ ತಲೆ ತಗ್ಗಿಸಿದ. ಶಾಂತವ್ವ ಅವನನ್ನೇ ನೋಡುತ್ತಿದ್ದಳು. ಅವಳದು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ. ಸಂಜೆ ಮನೆಗೆ ಬಂದಾಗ ಅವಳ ಕೈ, ಸೀರೆ, ಚೀಲ ಎಲ್ಲ ಕೆಂಪು. ಬಾಡಿಗೆ ಇಲ್ಲದ ದಿನ ಗುಡ್ಡಪ್ಪನೂ ಮಾರ್ಕೆಟಿನಲ್ಲಿ ಚೀಲ ಸಾಗಿಸುತ್ತಿದ್ದ. ಅವನ ಟವೆಲ್ಲೂ ಕೆಂಪು. ಬ್ಯಾಡಗಿಯಲ್ಲಿ ಟವೆಲ್ ಮೇಲೆ ಕೆಂಪು ಕಂಡರೆ ಯಾರು ಹೆದರುತ್ತಾರೆ?

‘ಮೆಣಸಿನಕಾಯಿ ಬಣ್ಣ ಅಂತ ತಿಳಕೊಂಡ ತೊಳಕೋತ ಬಂದ್ನಿರಿ’ ಎಂದಳು.

ಔಷಧ ಶುರು ಮಾಡಿದರು. ಅದೂ ಸರ್ಕಾರದ್ದೇ, ಪುಕ್ಕಟೆ. ಅರ್ಜಿ ಬೇಡ, ಫೋಟೊ ಬೇಡ, ಅನುಮೋದನೆ ಬೇಡ. ಎರಡು ವರ್ಷದ ಹಿಂದೆ ಬಂದಿದ್ದರೆ ಆರೆಂಟು ತಿಂಗಳ ಗುಳಿಗೆಯಲ್ಲಿ ಗುಣವಾಗುತ್ತಿತ್ತು ಎಂದರು. ಮನೆಯವರೂ ಕಫ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದರು. ಶಾಂತವ್ವ ಆಯಿತು ಎಂದಳು. ಶ್ರಾವಣದ ಮೂರನೆಯ ವಾರ ಗುಡ್ಡಪ್ಪ ತೀರಿಕೊಂಡ. ನಲವತ್ತಾರು ವರ್ಷ. ಅರ್ಜಿಗೆ ತೆಗೆಸಿದ ಆ ಫೋಟೊವನ್ನೇ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ದಾರೆ. ಅವನದೊಂದು ಬೇರೆ ಫೋಟೊ ಇರಲಿಲ್ಲ. ಆ ಮನೆಗೆ ಹೋದರೆ ನನಗೆ ಅತ್ತ ನೋಡಲಾಗುವುದಿಲ್ಲ.

ನಾನು ವಿಜ್ಞಾನದ ಟೀಚರು. ಮೂರು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಬೇಕೆಂದು ಪ್ರತಿವರ್ಷ ಪಾಠ ಹೇಳುತ್ತೇನೆ. ನಮ್ಮ ಶಾಲೆಯ ಗೋಡೆಯ ಮೇಲೆ ಆ ಪೋಸ್ಟರಿದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ಹಂಗಾದರೆ ನಮ್ಮ ಊರಿಗೆ ಊರೇ ಆಸ್ಪತ್ರೆಗೆ ಹೋಗಬೇಕಲ್ರಿ ಎಂದಳು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ನಕ್ಕು ಮುಂದಿನ ಪಾಠಕ್ಕೆ ಹೋದೆ.

ಮೊನ್ನೆ ಶಾಂತವ್ವ ಬಂದದ್ದು ಅರ್ಜಿ ಬರೆಸಲು. ಅನುದಾನ ಪಡೆದ ಗಾಡಿಯನ್ನು ಇಷ್ಟು ವರ್ಷ ಮಾರಬಾರದು ಎಂದು ನಿಯಮ. ಯಾರೋ ಕೊಳ್ಳಲು ಬಂದಿದ್ದಾರೆ, ಕಚೇರಿಯ ಒಪ್ಪಿಗೆ ಬೇಕು. ಒಬ್ಬಳೇ ಮಗಳು ಮದುವೆಯಾಗಿ ಹಾನಗಲ್ ಕಡೆ ಇದ್ದಾಳೆ. ಮನೆ ಮುಂದೆ ನಿಂತ ಆಟೋ ನೋಡಿಕೊಂಡು ಇವಳೊಬ್ಬಳು ಎಷ್ಟು ದಿನ ಇರಲಿ? ಮಾರಲು ಬೇರೆ ಕಾರಣ ಹುಡುಕುವ ಕಷ್ಟವಿರಲಿಲ್ಲ. ಮಾಲೀಕರು ತೀರಿಕೊಂಡಿರುವುದರಿಂದ ಎಂದು ಬರೆದೆ.

ಬರೆಯುತ್ತಾ ಕಾಗದಗಳನ್ನು ಸರಿಸಿದಾಗ ಕೆಳಗೆ ಹೊಗೆ ಚೀಟಿಗಳು ಕಂಡವು. ಪಿನ್ ಹಾಕಿ ಜೋಡಿಸಿಟ್ಟಿದ್ದ. ಕಿಟ್ ಹಾಕಿಸುವ ಮೊದಲಿನದು ಒಂದು, ಆಮೇಲಿನವು ಮೂರು. ಆರು ತಿಂಗಳಿಗೊಂದು, ಒಂದು ದಿನವೂ ತಪ್ಪಿಸದೆ. ಆಮೇಲಿನ ಮೂರರಲ್ಲೂ ಗಾಡಿಯ ಹೊಗೆ ಮಿತಿಯೊಳಗೆ. ಆರೋಗ್ಯವಂತ ಗಾಡಿ. ಚೀಲದಲ್ಲಿ ಗುಡ್ಡಪ್ಪನ ಹೆಸರಿನ ಆಸ್ಪತ್ರೆಯ ಚೀಟಿ ಒಂದೇ ಒಂದು, ಅದು ನಾವು ಹೋದ ದಿನದ್ದು.

ಕೊನೆಯ ಹೊಗೆ ಚೀಟಿಯ ಅವಧಿ ಆಗಸ್ಟಿನಲ್ಲಿ ಮುಗಿದಿದೆ. ಮತ್ತೆ ಮಾಡಿಸಬೇಕೇ ಎಂದು ಶಾಂತವ್ವ ಕೇಳಿದಳು. ಮಾರುವವರು ಮಾಡಿಸಿದರೆ ಒಳ್ಳೆಯದು ಎಂದೆ. ಅವಳು ಆ ಚೀಟಿಗಳನ್ನು ಬೆರಳಿನಿಂದ ಸವರಿ ಸವರಿ ನೋಡಿದಳು.

‘ಮನಿಷಾರಿಗೂ ಹಿಂಗ ಆರ ತಿಂಗಳಿಗೊಮ್ಮೆ ಚೀಟಿ ಇರತೈತೇನ್ರಿ ಅಕ್ಕೋರ?’

ಅವಳು ನಿಜವಾಗಿ ಕೇಳಿದ್ದು. ಗೊತ್ತಿಲ್ಲದೆ ಕೇಳಿದ್ದು. ನಾನು ಸಹಿ ಎಲ್ಲಿ ಮಾಡಬೇಕೆಂದು ತೋರಿಸಿದೆ. ಸಹಿ ಮಾಡಲು ಬಾಗಿದವಳು ಪೆನ್ನು ಬಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು ಕೆಮ್ಮಿದಳು. ಒಂದು ಸಲ, ಎರಡು ಸಲ. ನಿಲ್ಲಲಿಲ್ಲ. ಸ್ಟಾಫ್ ರೂಮಿನಲ್ಲಿ ನಾಲ್ಕು ಜನ ಟೀಚರುಗಳಿದ್ದರು. ಒಬ್ಬರೂ ತಲೆ ಎತ್ತಲಿಲ್ಲ. ಅವರದೇನು ತಪ್ಪು? ಇದು ಫೆಬ್ರುವರಿ, ಊರು ಬ್ಯಾಡಗಿ.

‘ಘಾಟ್ರಿ’ ಎಂದಳು, ನಾನು ಕೇಳುವ ಮೊದಲೇ.

ಸುಳ್ಳು ಹೇಳುವುದಿಲ್ಲ, ನನಗೆ ಅಳು ಬಂತು. ಆದರೂ ಕೇಳಿದೆ. ಎರಡೂವರೆ ವರ್ಷದ ಹಿಂದೆ ಆಟೋದಲ್ಲಿ ಕುಳಿತು ಕೇಳಬೇಕಾಗಿದ್ದ ಪ್ರಶ್ನೆಯನ್ನು ಮೊದಲ ಸಲ ಬಾಯಿಬಿಟ್ಟು ಕೇಳಿದೆ.

‘ಎಷ್ಟ ದಿನ ಆತು ಶಾಂತವ್ವ?’

ಅವಳು ಬೆರಳು ಮಡಿಚಿದಳು, ಬಿಚ್ಚಿದಳು. ಶೀಗಿ ಹುಣ್ಣಿಮೆ ಮುಂದೆ ಶುರುವಾದದ್ದು ಎಂದಳು. ಹೇಳಿದ ಮೇಲೆ ಅವಳಿಗೇ ತಿಳಿಯಿತು. ಶೀಗಿ ಹುಣ್ಣಿಮೆ ಬರುವುದು ಅಕ್ಟೋಬರಿನಲ್ಲಿ. ಆಗ ಮೆಣಸಿನಕಾಯಿ ಇನ್ನೂ ಗಿಡದಲ್ಲಿ ಹಸಿರು. ಆಗೆಲ್ಲಿಯ ಘಾಟು?

ಕಫ ಪರೀಕ್ಷೆ ಮಾಡಿಸಿದೆಯಾ ಎಂದೆ. ಇಲ್ಲ. ದಿನಕರ್ಮ ಮುಗಿಯಲಿ ಎಂದುಕೊಂಡಿದ್ದಳು, ಆಮೇಲೆ ಹಬ್ಬ ಬಂತು, ಆಮೇಲೆ ಸೀಸನ್ ಬಂತು. ನಾಳೆ ಹಾವೇರಿಗೆ ಹೋಗೋಣ ಎಂದೆ. ಗುರುವಾರ ಮಾರ್ಕೆಟ್ ಇದೆ, ನಾಳೆ ಕೆಲಸ ಬಿಡಲಾಗದು, ಮುಂದಿನ ವಾರ ನೋಡೋಣ ಎಂದಳು. ನಾನು ಆಟೋದ ಕಾಗದಗಳನ್ನೆಲ್ಲ ಚೀಲಕ್ಕೆ ತುಂಬಿ, ಚೀಲವನ್ನು ನನ್ನ ಡ್ರಾವರಿಗೆ ಹಾಕಿ ಬೀಗ ಹಾಕಿದೆ. ಪರೀಕ್ಷೆ ಆದ ಮೇಲೆಯೇ ಇದು ನಿನ್ನ ಕೈಗೆ ಎಂದೆ. ಜಬರದಸ್ತಿಯೇ. ಹೌದು. ಗುಡ್ಡಪ್ಪನ ಆಟೋಗೆ ಒಂದು ವಾರ ಜಬರದಸ್ತಿ ಮಾಡಿದವಳು ನಾನು, ಅವನಿಗೆ ಒಂದು ದಿನವೂ ಮಾಡಲಿಲ್ಲ.

ಬುಧವಾರ ಹೋಗಿ ಬಂದೆವು. ಕಫ ಕೊಟ್ಟಾಗಿದೆ. ಇದನ್ನು ಬರೆಯುವ ಹೊತ್ತಿಗೆ ರಿಪೋರ್ಟ್ ಬಂದಿಲ್ಲ. ಡಾಕ್ಟರು ಮತ್ತೆ ಅದನ್ನೇ ಕೇಳಿದರು. ಈ ಸಲ ಶಾಂತವ್ವನ ಬಳಿ ಉತ್ತರವಿತ್ತು. ಇನ್ನೂ ನಾಲ್ಕು ತಿಂಗಳೇ ತಾನೆ, ಬೇಗ ಬಂದಿರಿ ಎಂದರು. ಬೇಗ ಎಂಬ ಆ ಮಾತನ್ನು ಹಿಡಿದುಕೊಂಡು ಕುಳಿತಿದ್ದೇನೆ.

ಗ್ಯಾಸ್ ಅನುದಾನಕ್ಕೆ ಅರ್ಜಿ ಹಾಕುವುದು ಹೇಗೆಂದು ನನಗೆ ಬರೆದು ಕೇಳಿದ್ದಿರಲ್ಲ, ಹಾಕಿರಿ. ಒಳ್ಳೆಯ ಯೋಜನೆ. ಗುಡ್ಡಪ್ಪನ ಆಟೋದ ಹಿಂದೆ ಈಗ ನಮ್ಮ ಮಕ್ಕಳು ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು ಸೈಕಲ್ ಹೊಡೆಯಬಹುದಿತ್ತು. ಗಾಡಿಗೆ ಬೇಕಾದದ್ದನ್ನೆಲ್ಲ ಕೇಳುವ ಅರ್ಜಿ ಅದು, ಎಲ್ಲ ಸರಿಯಾಗಿ ತುಂಬಿರಿ.

ತುಂಬುವಾಗ ಎದುರಿಗೆ ಕುಳಿತವರು ಕೆಮ್ಮಿದರೆ, ಎಷ್ಟು ದಿನ ಆಯಿತು ಎಂದು ಕೇಳುತ್ತೀರಾ?